ಲೆನ್ಸಿನ ಮುಚ್ಚಳ

"ಗುರುಗಳೇ, ಹಗಲೆಲ್ಲ ಜನರಿಗೆ ಧರ್ಮ ಹೇಳುವ ಶಕ್ತಿ ನನಗಿದೆ. ಹೀಗಿರುವಾಗ ದಿನಕ್ಕೆರಡು ಗಂಟೆ ಬಾಗಿಲು ಹಾಕಿಕೊಂಡು ಮೌನವಾಗಿ ಕೂರುವ ನಿಯಮ ನನಗೇಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಅವನದು ರೀಲು ಹಾಕುವ ಕ್ಯಾಮೆರಾ. ಕಸುಬು ಕಲಿಸಿದ ಹಿರಿಯ ಅದನ್ನು ಅವನ ಕೈಗಿಡುವಾಗ, ಕೆಲಸವಿಲ್ಲದಾಗ ಲೆನ್ಸಿಗೆ ಮುಚ್ಚಳ ಹಾಕು, ಸೂರ್ಯನಿಗೆ ಎದುರಾಗಿ ಇಡಬೇಡ ಎಂದು ಹೇಳಿದ್ದ. ಬೆಳಕಿನಿಂದ ಅನ್ನ ಉಣ್ಣುವವನು ಬೆಳಕಿಗೆ ಅಂಜುವುದುಂಟೇ ಎಂದು ಇವನು ನಕ್ಕಿದ್ದ.

ಒಂದು ದಿನ ನೇಕಾರರ ಹೆಣ್ಣುಮಗಳೊಬ್ಬಳು ಅವನನ್ನು ಮನೆಗೆ ಕರೆದಳು. ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಆಕೆಯ ಒಂದು ಚಿತ್ರವೂ ಮನೆಯಲ್ಲಿರಲಿಲ್ಲ. ಮಗಳು ತಾಯಿಯ ತಲೆ ಬಾಚಿ, ಒಳ್ಳೆಯ ಸೀರೆ ಉಡಿಸಿ, ಎತ್ತಿ ತಂದು ಅಂಗಳದಲ್ಲಿ ಕೂರಿಸುವವರೆಗೆ ಅವನು ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು ನೆರಳಿನಲ್ಲಿ ಕಾದು ಕೂತ. ಮುಚ್ಚಳ ಅವನ ಜೇಬಿನಲ್ಲಿತ್ತು. ಲೆನ್ಸು ನೇರ ಬಿಸಿಲಿಗೆ ಮುಖ ಮಾಡಿತ್ತು.

ಆಮೇಲೆ ಮೂರು ಚಿತ್ರ ತೆಗೆದ. ಮುದುಕಿ ಮೂರು ಸಲವೂ ಕಷ್ಟಪಟ್ಟು ಕತ್ತೆತ್ತಿದಳು.

ನಾಲ್ಕನೆಯ ದಿನ ಆಕೆ ತೀರಿಕೊಂಡಳು.

ರೀಲು ತೊಳೆದಾಗ ಅವನಿಗೆ ಆದ ಹಾನಿ ತಿಳಿಯಿತು. ಲೆನ್ಸಿನ ಮೂಲಕ ಒಂದೆಡೆ ಕೂಡಿದ ಬಿಸಿಲು ರೀಲಿಗೆ ಬೆಳಕು ತಾಗದಂತೆ ಒಳಗೆ ಕಾಯುವ ಬಟ್ಟೆಯ ಪರದೆಯನ್ನು ಸಾಸಿವೆಯಷ್ಟು ಸುಟ್ಟಿತ್ತು. ಆ ತೂತಿನಿಂದ ನುಸುಳಿದ ಬೆಳಕು ಮೂರು ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಬಿಳಿಯ ಕಲೆಯಾಗಿ ನಿಂತಿತ್ತು.

ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಚಿತ್ರಗಳನ್ನು ತಾನೇ ಒಯ್ದು, ನಡೆದದ್ದನ್ನು ಇದ್ದಂತೆ ಹೇಳಿದ. ಮಗಳು ಒಂದೊಂದನ್ನೇ ನೋಡಿದಳು. ಸೀರೆಯ ಅಂಚು ಸ್ಪಷ್ಟವಾಗಿತ್ತು. ಮಡಿಲಲ್ಲಿದ್ದ ಕೈಗಳ ನರಗಳೂ ಕಾಣುತ್ತಿದ್ದವು. ಅವಳು ಬೈಯಲಿಲ್ಲ.

"ಬೇರೆ ಯಾವುದೂ ಇಲ್ಲವೇನಣ್ಣ?" ಎಂದು ಕೇಳಿದಳು.

"ಇಲ್ಲ ತಾಯಿ," ಎಂದ.

ಮುಂದೆ ಅವನು ಪರದೆಯನ್ನು ಹೊಸದಾಗಿ ಹಾಕಿಸಿದ. ಮುಚ್ಚಳವನ್ನು ಎಂದೂ ಮರೆಯಲಿಲ್ಲ. ಆದರೆ ಆ ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆಯಲು ಅವನಿಂದ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಆ ಛಾಯಾಗ್ರಾಹಕ ತನ್ನ ತಪ್ಪಿಗೆ ತಕ್ಕ ನೋವನ್ನು ತಾನೇ ಉಂಡನಲ್ಲವೇ ಎಂದ ಶಿಷ್ಯ.

"ಸುಟ್ಟದ್ದು ಅವನ ಪರದೆ ಮಗೂ, ಅಳಿಸಿಹೋದದ್ದು ಅವಳ ತಾಯಿಯ ಮುಖ," ಎಂದರು ಗುರುಗಳು.

ಶಿಷ್ಯ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.