ಗುರುಬಸ್ಯಾ ಬರೆದ ಪಾಠ

ಪೆದ್ದರಲ್ಲಿ ಎರಡು ಬಗೆ. ಹೇಳಿದ್ದು ಕೇಳದವನು ಒಬ್ಬ. ಹೇಳಿದ್ದನ್ನೆಲ್ಲ ಕೇಳುವವನು ಇನ್ನೊಬ್ಬ. ಬನಹಟ್ಟಿ ಕಡೆಯ ಶಾವಕ್ಕನ ಮಗ ಗುರುಬಸ್ಯಾ ಎರಡನೆಯ ಬಗೆ.

ಶಾವಕ್ಕ ಚನ್ನಮಲ್ಲಪ್ಪನ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುವವಳು. ಅಲ್ಲಿಗೆ ಸೀರೆಯ ಅಂಚಿನ ಚಿತ್ತಾರ ಬಿಡಿಸುವ ಕಂಪ್ಯೂಟರ್ ಬಂತು. ಅದರಲ್ಲಿ ಬಿಡಿಸಿದ್ದನ್ನು ಮಗ್ಗ ನೇಯುತ್ತದೆ. ಕಲಿಸಲು ಮೇಷ್ಟ್ರಿಲ್ಲ. ಪಾಠವೆಲ್ಲ ಇಂಟರ್ನೆಟ್ಟಿನಲ್ಲಿ.

ಶಾವಕ್ಕ ಕೈ ಮುಗಿದಳು. "ಸಾವ್ಕಾರ್ರ, ನನ್ನ ಮಗ ಓದಾಕ ಬಲ್ಲಾನ್ರಿ. ಅವನ್ನ ಕುಂದರಸ್ರಿ."

"ಕುಂದರಸ್ತೀನಿ. ಯುಗಾದಿಯೊಳಗ ಕಲೀಲಿಲ್ಲಂದ್ರ ಮನೀಗೆ!"

ಪಾಠದವನು ತೆರೆಯ ಮೇಲೆ ಹೇಳಿದ, "ನಾನು ಮಾಡಿದಂತೆಯೇ ಮಾಡಿ." ಅವನು ಹೂ ಬಿಡಿಸಿದ. ಗುರುಬಸ್ಯಾನೂ ಬಿಡಿಸಿದ. ಅವನು ನೀರು ಕುಡಿದ. ಇವನೂ ಕುಡಿದ. ಅವನು ಅಂಚಿನ ಮೇಲೆ 'ಮಾದರಿ' ಎಂದು ಬರೆದ. ಇವನೂ ಬರೆದ. ಸೀರೆ ಇಳಿಯಿತು. ಅಂಚಿನುದ್ದಕ್ಕೂ ಮಾದರಿ, ಮಾದರಿ, ಮಾದರಿ!

ಮನೆಯಲ್ಲಿ ಶಾವಕ್ಕ ಹಣೆ ಬಡಿದುಕೊಂಡಳು. "ಎಲ್ಲಾ ಯಾಕ ಮಾಡ್ದ್ಯೋ? ನಮಗ ಬೇಕಾದಷ್ಟ ತಗೋಬೇಕು!"

"ಹೂಂ ಅವ್ವಾ."

ಮರುದಿನ ಗುರುಬಸ್ಯಾ ಯೋಚಿಸಿದ. ನಮಗೆ ಬೇಕಾದದ್ದು ಸೀರೆ. ಸೀರೆ ಬರುವುದು ಪಾಠದ ಕೊನೆಯಲ್ಲಿ. ಕೊನೆಗೆ ಹೋದ. 'ಮಗ್ಗಕ್ಕೆ ಕಳಿಸಿ' ಎಂದಿತ್ತು. ಏನೂ ಬಿಡಿಸದೆ ಕಳಿಸಿದ. ಅಂದು ಮಗ್ಗದಲ್ಲಿದ್ದದ್ದು ಯಾರೋ ಮದುಮಗಳಿಗೆಂದು ಹೇಳಿ ನೇಯಿಸಿದ ಸೀರೆ; ಅದು ಬೋಳಾಗಿ ಇಳಿಯಿತು.

"ಅಂಚಿಲ್ಲದ ಸೀರಿ ಉಟ್ಟು ಹಸಿಮಣಿ ಏರಬೇಕೇನೋ ಆ ಹುಡುಗಿ? ಮೊದಲಿಂದ ಓದು! ಒಂದೂ ಬಿಡಬ್ಯಾಡ!"

"ಹೂಂ ಅವ್ವಾ."

ಅದರ ಮರುದಿನ ಮಗ್ಗದಲ್ಲಿ ಅಂಚಿನ ನವಿಲು ತಲೆಕೆಳಗಾಗಿ ಬರತೊಡಗಿತು. ಸಾವ್ಕಾರ ಕೂಗಿದ, "ನಿಲ್ಲಸಲೇ!" ಗುರುಬಸ್ಯಾ ಪಾಠ ತೆರೆದ. ಮೊದಲ ಪುಟ, 'ಸ್ವಾಗತ'. ಓದಿದ. ಎರಡನೆಯ ಪುಟ, 'ಈ ಸಾಫ್ಟ್‌ವೇರ್ ಯಾರಿಗಾಗಿ?' ಅದನ್ನೂ ಓದಿದ. ನಿಲ್ಲಿಸುವ ಪುಟ ಬರುವ ಹೊತ್ತಿಗೆ ಸೀರೆಯೇ ಮುಗಿದಿತ್ತು. ನವಿಲುಗಳೆಲ್ಲ ಕಾಲು ಮೇಲೆ ಮಾಡಿದ್ದವು.

"ನಾಳಿ ಯುಗಾದಿ," ಅಂದ ಸಾವ್ಕಾರ. "ಏನ್ ಕಲ್ತಿ ಬರದು ಕೊಡು. ನಾಲ್ಕು ಮಂದಿಗೆ ಪಾಠ ಆಗಬೇಕು. ಇಲ್ಲಾ, ಶೆಡ್ಡಿನ ಕಡೆ ತಲಿ ಹಾಕಬ್ಯಾಡ!"

ಶಾವಕ್ಕನಿಗೆ ಅಳು ಬಂತು. ಬೈದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ಜಾಣತನ ಮಾಡಬ್ಯಾಡಪಾ. ಆದದ್ದನ್ನ ಆದಂಗ ಬರಿ."

"ಹೂಂ ಅವ್ವಾ."

ಬರೆದ. ಸಾವ್ಕಾರ ಓದಿದ. 'ಮಾದರಿ ಎಂಬುದನ್ನು ತೆಗೆಯಿರಿ. ಬಿಡಿಸದೆ ಕಳಿಸಿದರೆ ಸೀರೆ ಬೋಳು. ನವಿಲು ತಲೆಕೆಳಗಾದರೆ ಮೊದಲು ಮಗ್ಗ ನಿಲ್ಲಿಸಿ, ಓದುವುದು ಆಮೇಲೆ.' ಸಾವ್ಕಾರ ಗಡ್ಡ ಕೆರೆದುಕೊಂಡ. ಜಾಣರು ಬರೆದ ಪಾಠದಲ್ಲಿ ಇದು ಇರಲಿಲ್ಲ. ಅವರಿಗೆ ಹೀಗೆ ಆಗಿರಲಿಲ್ಲ.

"ನಾಳಿಂದನೂ ಬಾ," ಅಂದ. ಅರ್ಧ ಓದಿ, ಪೂರ್ತಿ ಇಂಟರ್ನೆಟ್ಟಿಗೆ ಏರಿಸಿದ.

ಹಬ್ಬ ಕಳೆದು ಕೆಲವು ದಿನಕ್ಕೆ ಶಾವಕ್ಕನ ಬಾಗಿಲಲ್ಲಿ ಮಂದಿ. ಇಳಕಲ್ಲಿನವರು, ಗುಳೇದಗುಡ್ಡದವರು. ಕೈ ಕಟ್ಟಿ ನಿಂತಿದ್ದರು.

"ಯಾರ್ರಿ ನೀವು?"

"ಕಂಪ್ಯೂಟರ್ ಕಲಿಯೋರ್ರಿ, ಅವ್ವಾರ. ಅಂಚು ಬಿಡಿಸೋದು ಬಂತು. ಮುಂದ, 'ಮನೆಗೆ ಹೋಗಿ ಶಾವಕ್ಕನಿಂದ ಬೈಸಿಕೊಳ್ಳಿ' ಅಂತ ಐತ್ರಿ. ಬೈರಿ."

ಶಾವಕ್ಕ ಕಸಬರಿಗೆ ಹಿಡಿದು ಮಗನ ಕಡೆ ತಿರುಗಿದಳು.

ಗುರುಬಸ್ಯಾ ಕೈ ಅಡ್ಡ ಹಿಡಿದ. "ತಡಿ ಅವ್ವಾ! ಪಾಳಿ ಐತಿ. ಅವರದು ಮೊದಲು."