ದೂಮ ಮುಚ್ಚಿಟ್ಟ ರೆಕ್ಕೆನೋವು

ಮಕ್ಕಳೇ, ಮಂಗಟ್ಟೆ ಹಕ್ಕಿಯನ್ನು ನೀವು ನೋಡಿದ್ದೀರೋ ಇಲ್ಲವೋ. ಬಾಗಿದ ದೊಡ್ಡ ಕೊಕ್ಕಿನ ಹಕ್ಕಿ ಅದು. ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿದಿರುತ್ತದೆ. ಒಳಗೆ ಅದರ ಗರಿಗಳು ಉದುರಿಹೋಗುವುದರಿಂದ ಹಾರಲೂ ಆಗುವುದಿಲ್ಲ. ಗಂಡು ಹಣ್ಣು ತಂದುಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ.

ಒಂದು ಕಾಡಿನಲ್ಲಿ ದೂಮ ಎಂಬ ಗಂಡು ಮಂಗಟ್ಟೆಯೂ ಅವನ ಹೆಂಡತಿ ಸಂಪಿಯೂ ಇದ್ದರು. ಹೊಸ ಸಂಸಾರ. ಗೂಡು ಎಲ್ಲಿ ಮಾಡುವುದು ಎಂಬುದೇ ಅವರಿಗೆ ದೊಡ್ಡ ಚಿಂತೆಯಾಯಿತು. ಅತ್ತಿಮರದ ಪಕ್ಕದ ಹೊನ್ನೆಮರದಲ್ಲಿ ಒಂದು ಪೊಟರೆಯಿತ್ತು. ಹಣ್ಣೇನೋ ಹತ್ತಿರ, ಆದರೆ ಪೊಟರೆ ತಗ್ಗಿನಲ್ಲಿತ್ತು, ಉಡದ ಕಾಟ ಬೇರೆ. ಕಣಿವೆಯಾಚೆಯ ತಾರೆಮರದಲ್ಲಿ ಇನ್ನೊಂದು ಪೊಟರೆ. ಅದು ಎತ್ತರದಲ್ಲಿತ್ತು, ಭದ್ರವಾಗಿತ್ತು, ಆದರೆ ಒಂದೊಂದು ತುತ್ತಿಗೂ ಕಣಿವೆ ದಾಟಬೇಕಿತ್ತು.

ಮುಸುವಜ್ಜಿಯನ್ನು ಕೇಳೋಣ ಎಂದಳು ಸಂಪಿ. ಕರಿಮುಖದ ಕೋತಿಯಾದ ಆ ಮುದಿ ಮುಸುವ ಹತ್ತದ ಮರ ಆ ಕಾಡಿನಲ್ಲಿ ಇರಲಿಲ್ಲ. ಯಾರಿಗೆ ಏನು ತೋಚದಿದ್ದರೂ ಅವಳ ಬಳಿಗೇ ಹೋಗುತ್ತಿದ್ದರು.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ದಿನವೆಲ್ಲ ಕಣಿವೆ ದಾಟುವ ಶಕ್ತಿ ನಿನ್ನ ರೆಕ್ಕೆಗೆ ಇದೆಯೇನಪ್ಪ?" ಎಂದು ದೂಮನನ್ನು ಕೇಳಿದಳು.

ಸ್ವಲ್ಪ ದಿನದ ಹಿಂದೆ ಎಳೆ ಹಕ್ಕಿಗಳ ಮುಂದೆ ಜಂಬ ತೋರಿಸಲು ಹೋಗಿ ದೂಮ ಕೊಂಬೆಗೆ ಬಡಿದುಕೊಂಡಿದ್ದ. ಎಡರೆಕ್ಕೆ ಇನ್ನೂ ನೋಯುತ್ತಿತ್ತು. ಸಂಪಿಗೆ ಅದು ಗೊತ್ತಿರಲಿಲ್ಲ. ಪಕ್ಕದಲ್ಲೇ ಕೂತ ಹೆಂಡತಿಯ ಎದುರು ಹೇಗೆ ಹೇಳುವುದು?

"ಇದೆ ಅಜ್ಜಿ. ಏನೂ ತೊಂದರೆಯಿಲ್ಲ" ಎಂದುಬಿಟ್ಟ.

ಹಾಗಾದರೆ ತಾರೆಮರವೇ ಒಳ್ಳೆಯದು ಎಂದಳು ಅಜ್ಜಿ. ಸಂಪಿ ಅಲ್ಲೇ ಪೊಟರೆ ಸೇರಿ ಬಾಗಿಲು ಮೆತ್ತಿಕೊಂಡಳು.

ಮೊದಮೊದಲು ದೂಮ ಹಲ್ಲುಕಚ್ಚಿ ಹಾರಿದ ಎನ್ನೋಣವೆಂದರೆ ಹಕ್ಕಿಗೆ ಹಲ್ಲೆಲ್ಲಿ? ಅಂತೂ ನೋವು ನುಂಗಿಕೊಂಡು ಹಾರಿದ. ಬರಬರುತ್ತಾ ರೆಕ್ಕೆ ಸೋತಿತು. ಹೊತ್ತುಹೊತ್ತಿಗೆ ಬರುತ್ತಿದ್ದ ಹಣ್ಣು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದಾಯಿತು. ಸಂಪಿ ಕಾರಣ ಕೇಳಿದರೆ, ಅತ್ತಿ ಈ ಸಲ ಸರಿಯಾಗಿ ಹಣ್ಣಾಗಿಲ್ಲ ಎನ್ನುತ್ತಿದ್ದ. ನೆರೆಯ ಹಕ್ಕಿಗಳು ಕೇಳಿದರೆ, ಅಜ್ಜಿಯ ಮಾತು ಕೇಳಿ ಕೆಟ್ಟೆ ಎನ್ನುತ್ತಿದ್ದ. ಆ ಮಾತು ಕಾಡೆಲ್ಲ ಹಬ್ಬಿತು. ಅಜ್ಜಿಯ ಬಳಿಗೆ ಬರುವವರು ಕಡಿಮೆಯಾದರು.

ಮೊಟ್ಟೆಯೊಡೆದು ಎರಡು ಮರಿಗಳಾದವು. ಒಂದು ಬೆಳಿಗ್ಗೆ ದೂಮ ಹಣ್ಣು ಹಿಡಿದು ಬಂದಾಗ ಒಳಗಿನಿಂದ ಒಂದೇ ಮರಿಯ ದನಿ ಕೇಳಿಸಿತು.

"ಚಿಕ್ಕದು ಹೋಯಿತು" ಎಂದಳು ಸಂಪಿ. ಅವಳು ಅವನನ್ನು ಬೈಯಲಿಲ್ಲ.

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ದೂಮ ಮತ್ತೆ ಹಣ್ಣಿಗೆಂದು ಹೊರಟ. ತರುವಾಗ ಕಣಿವೆಯ ನಡುವೆ ರೆಕ್ಕೆ ಕೈಕೊಟ್ಟು ಬಂಡೆಗಳ ಮೇಲೆ ಬಿದ್ದ. ಬಿದ್ದವನು ಹಣ್ಣನ್ನು ಬಿಡದೆ, ಕುಪ್ಪಳಿಸುತ್ತಾ ಕುಪ್ಪಳಿಸುತ್ತಾ ದಿಬ್ಬ ಹತ್ತತೊಡಗಿದ. ನೀರು ಕುಡಿಯಲು ಬಂದ ಮುಸುವಜ್ಜಿ ಅದನ್ನು ಕಂಡಳು. ಹತ್ತಿರ ಬಂದು, ಏನೂ ಕೇಳದೆ ಅವನ ಎಡರೆಕ್ಕೆಯನ್ನು ಮೆಲ್ಲಗೆ ಬಿಡಿಸಿ ನೋಡಿದಳು.

"ಇದು ಹಳೇ ಪೆಟ್ಟು" ಎಂದಳು.

ದೂಮ ತಲೆ ತಗ್ಗಿಸಿದ. "ಹೌದು ಅಜ್ಜಿ. ನೀವು ಕೇಳಿದ ದಿನವೂ ಇತ್ತು. ಹೇಳಲು ನಾಚಿಕೆಯಾಯಿತು. ಆಮೇಲೆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ."

ಅಜ್ಜಿ ಅವನ ರೆಕ್ಕೆಯನ್ನು ಮೆಲ್ಲಗೆ ಮಡಿಸಿಟ್ಟಳು. "ಅಂದೇ ಹೇಳಿದ್ದರೆ ಹೊನ್ನೆಮರಕ್ಕೆ ಹೋಗು ಎನ್ನುತ್ತಿದ್ದೆ. ಉಡವನ್ನು ಓಡಿಸಲು ನಾವಿರಲಿಲ್ಲವೇ? ಇರಲಿ. ಹಣ್ಣು ನಾವು ತಂದುಕೊಡುತ್ತೇವೆ. ಸಂಪಿಗೆ ನಿಜ ಮಾತ್ರ ನೀನೇ ಹೇಳಬೇಕು."

ಅಂದಿನಿಂದ ಅಜ್ಜಿಯ ಬಳಗದ ಮುಸುವಗಳು ತಾರೆಮರ ಹತ್ತಿ ಸಂದಿನೊಳಗೆ ಹಣ್ಣು ಕೊಟ್ಟವು. ದೂಮ ಪೊಟರೆಯ ಹತ್ತಿರದ ಕೊಂಬೆಗೆ ಕುಪ್ಪಳಿಸಿ ಹೋಗಿ ಎಲ್ಲವನ್ನೂ ಹೇಳಿದ.

"ನಾನು ಇಷ್ಟು ದಿನ ಆ ಅತ್ತಿಮರವನ್ನು ಬೈದೆ" ಎಂದಳು ಸಂಪಿ.

ಅವನು ನೆರೆಯವರಿಗೂ ನಡೆದುದನ್ನು ಹೇಳಿ ಬಂದ. ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು. ಅಜ್ಜಿಯ ಬಳಿಗೆ ಮತ್ತೆ ಎಲ್ಲರೂ ಬರತೊಡಗಿದರು.

ಉಳಿದ ಮರಿ ಬೆಳೆಯಿತು. ಸಂಪಿಗೆ ಹೊಸ ಗರಿಗಳು ಬಂದವು. ಒಂದು ದಿನ ಅವಳು ಬಾಗಿಲು ಒಡೆದು ಹೊರಬಂದು ದೂಮನ ಪಕ್ಕದಲ್ಲಿ ಕೂತಳು.

"ರೆಕ್ಕೆ ಬಿಚ್ಚು, ನೋಡೋಣ" ಎಂದಳು.

ದೂಮ ಅವಳ ಮುಖ ನೋಡಲಾರದೆ, ಮೆಲ್ಲಗೆ ರೆಕ್ಕೆ ಬಿಚ್ಚಿದ.

ನೀತಿ: ನಾಚಿಕೆಯಿಂದ ನಿಜವನ್ನು ಮುಚ್ಚಿಟ್ಟು ಕೇಳಿದ ಸಲಹೆ, ಎಷ್ಟು ಒಳ್ಳೆಯದಾದರೂ ನಮ್ಮನ್ನು ಕಾಯಲಾರದು.