ಐದಕ್ಷರದವರ ಸಾಲು

ತರಗತಿಯ ಗೋಡೆಯಿಂದ ಗೋಡೆಗೆ ಕಟ್ಟಿದ ಹಳೆಯ ದಾರದಲ್ಲಿ ಇಂಗ್ಲಿಷ್ ಪದಗಳ ರಟ್ಟುಗಳು ಕ್ಲಿಪ್ಪು ಹಿಡಿದು ನೇತಾಡುತ್ತಿದ್ದವು. ಎಲ್ಲವೂ ‘ಎಂ’ನಿಂದ ಶುರುವಾಗುವ, ಐದೈದು ಅಕ್ಷರದ ಪದಗಳು: ಮೇಜರ್, ಮನಿ, ಮ್ಯಾಂಗೋ, ಮ್ಯಾಚ್, ಮತ್ತು ಕರುಣೆ ಎಂಬ ಅರ್ಥದ ಮರ್ಸಿ.

ಒಂದು ದಿನ ದಾರ ಹೇಳಿತು: “ನನ್ನ ಎಳೆಗಳು ಬಿಡುತ್ತಿವೆ. ಒಬ್ಬರು ಇಳಿಯದಿದ್ದರೆ ಎಲ್ಲರೂ ಬೀಳುತ್ತೀರಿ.”

ಸೇನಾಧಿಕಾರಿಯ ಹೆಸರು ಹೊತ್ತ ಮೇಜರ್ ನ್ಯಾಯ ಹೇಳಲು ಮುಂದಾಯಿತು. “ಮಕ್ಕಳು ಯಾರನ್ನು ಕರೆಯುವುದಿಲ್ಲವೋ ಅವರು ಇಳಿಯಲಿ. ಮನಿ ಎಲ್ಲರಿಗೂ ಬೇಕು. ಮ್ಯಾಂಗೋ ಎಂದರೆ ಬಾಯಲ್ಲಿ ನೀರೂರುತ್ತದೆ. ಮ್ಯಾಚ್ ಇಲ್ಲದ ಭಾನುವಾರವಿಲ್ಲ. ಮರ್ಸಿ, ನಿನ್ನನ್ನು ಕೊನೆಯ ಸಲ ಕರೆದವರು ಯಾರು?”

“ನೆನಪಿಲ್ಲ,” ಎಂದಿತು ಮರ್ಸಿ. “ಆದರೆ ನಾನು ಬೇಕಾಗುವ ದಿನ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.”

“ಇದು ಉತ್ತರವಲ್ಲ,” ಎಂದಿತು ಮೇಜರ್. ಉಳಿದವು ಹೌದೆಂದು ಅಲುಗಾಡಿದವು. ಮರ್ಸಿ ಕ್ಲಿಪ್ಪಿನಿಂದ ಜಾರಿ ಬಿತ್ತು. ಬೆಳಿಗ್ಗೆ ಕಸ ಗುಡಿಸಲು ಬಂದ ತಿಪ್ಪವ್ವ, “ಯಾವುದೋ ಹಳೇ ರಟ್ಟು,” ಎಂದು ಅದನ್ನು ಬುಟ್ಟಿಗೆ ಹಾಕಿದಳು.

ಮಳೆಗಾಲಕ್ಕೆ ದಾರ ಇನ್ನಷ್ಟು ಸವೆಯಿತು. “ಮತ್ತೊಬ್ಬರು ಇಳಿಯಬೇಕು,” ಎಂದಿತು.

ಉಳಿದ ಮೂರೂ ರಟ್ಟುಗಳು ಮೇಜರ್‌ನತ್ತ ತಿರುಗಿದವು. “ಈ ವರ್ಷ ನಿನ್ನನ್ನು ಯಾರು ಕರೆದರು?” ಎಂದು ಮನಿ ಕೇಳಿತು.

“ಹಾಗೆ ಅಳೆಯಬೇಡಿ. ನಾನು ಕೇಳುವುದು ಇಷ್ಟೇ, ನನಗೆ ಸ್ವಲ್ಪ...” ಎಂದು ಮೇಜರ್ ತಡವರಿಸಿತು.

“ಸ್ವಲ್ಪ ಏನು ಬೇಕು, ಹೇಳು,” ಎಂದಿತು ದಾರ.

ಮೇಜರ್ ಬೇಕಾದ ಪದಕ್ಕಾಗಿ ಸಾಲಿನ ಉದ್ದಕ್ಕೂ ಹುಡುಕಿತು. ಆ ಪದವಿದ್ದ ಜಾಗದಲ್ಲಿ ಖಾಲಿ ಕ್ಲಿಪ್ಪೊಂದು ಗಾಳಿಗೆ ಅಲುಗುತ್ತಿತ್ತು.